ಯಾರ ಮನೆಯ ಮಾಣಿ?

ಕಲ್ಯಾಣ ಸ್ಟೇಶನ್ನನ್ನು ನಮ್ಮ ಓದುಗರಿಗೆ ಹೊಸದಾಗಿ ಪರಿಚಯ ಮಾಡಿಕೊಡಬೇಕಾಗಿಲ್ಲ. ಡೊಂಬಿವಲಿ, ಠಾಣೆ, ಕಲ್ಯಾಣ ಪರಿಸರದ ಕನ್ನಡಿಗರಲ್ಲಿ ಅದರ ಪ್ಲಾಟ್‌ಫಾರ್ಮು ತುಳಿಯದವರು ಯಾರಿದ್ದಾರೆ? ಸೋಲಾಪುರ, ಪುಣೆಯ ಹಾದಿಯಿಂದ ಬರುವ ಗಾಡಿಗಳೂ ಭುಸಾವಳ, ನಾಸಿಕದ ಹಾದಿಯಿಂದ ಬರುವ ಗಾಡಿಗಳೂ ಕೂಡುವ ಜಂಕ್ಷನ್ ಅದು. ಗಾಡಿ ನಿಂತಿತೆಂದರೆ ಹಮಾಲರ ಕೂಗು, ಚಹಾದವರ ಕೂಗು, ಇಳಿಯುವವರ ಅವಸರ, ಹತ್ತುವವರ ಅದಕ್ಕಿಂತ ದೊಡ್ಡ ಅವಸರ. ಈ ಗದ್ದಲದಲ್ಲಿ ಕೈಯಲ್ಲಿ ಗಂಟಿಲ್ಲದೆ, ಹಿಂದೆ ಮುಂದೆ ಯಾರೂ ಇಲ್ಲದೆ ಇಳಿಯುವ ಒಬ್ಬ ಹುಡುಗ ನಮ್ಮ ಕಣ್ಣಿಗೆ ಬೀಳುವುದೇ ಅಪರೂಪ. ಬಿದ್ದರೂ ಅಷ್ಟರಲ್ಲಿ ನಮ್ಮ ಲೋಕಲ್ ಬಂದಿರುತ್ತದೆ.

ನಾವು ಕೇಂದ್ರ ಸರಕಾರದ ಒಂದು ಕಚೇರಿಯಲ್ಲಿ ಗುಮಾಸ್ತರು. 'ನಾವು' ಎಂದರೆ ಒಬ್ಬರೇ. ಇಪ್ಪತ್ತು ವರ್ಷಗಳಿಂದ ಕಚೇರಿಯ ಟಿಪ್ಪಣಿ ಬರೆದು ಬರೆದು 'ನಾನು' ಎಂಬ ಶಬ್ದ ಕೈಯಿಂದ ತಪ್ಪಿಹೋಗಿದೆ, ವಾಚಕರು ಕ್ಷಮಿಸಬೇಕು. ಈ ಸಲ ಸಂಪಾದಕರು ಏನಾದರೂ ಹಗುರವಾದದ್ದನ್ನು ಬರೆಯಿರಿ ಎಂದಿದ್ದರು. ಬರೆಯಲು ಕುಳಿತಾಗ ಬಂದದ್ದು ಮಾತ್ರ ಇದು.

ಕುಂದಾಪುರದ ಕಡೆ ಗಂಡು ಹುಡುಗನಿಗೆ ಮಾಣಿ ಎನ್ನುತ್ತೇವೆ. ತೊಟ್ಟಿಲಲ್ಲಿರುವವನೂ ಮಾಣಿ, ಮೀಸೆ ಬಂದವನೂ ಅಜ್ಜಿಯ ಬಾಯಲ್ಲಿ ಮಾಣಿಯೇ. ಅದೇ ಶಬ್ದ ಘಟ್ಟ ಹತ್ತಿ ಊರೂರಿನ ಹೋಟೆಲುಗಳಿಗೆ ಹೋದಾಗ ಅದರ ಅರ್ಥ ಬದಲಾಯಿತು. ಅಲ್ಲಿ ಮಾಣಿ ಎಂದರೆ ತಿಂಡಿ ತಂದುಕೊಡುವವನು, ಮೇಜು ಒರೆಸುವವನು. ನಮ್ಮ ಮನೆಗಳ ಎಷ್ಟು ಮಕ್ಕಳು ಆ ಕೆಲಸಕ್ಕೆ ಹೋದರೆಂಬುದಕ್ಕೆ ಬೇರೆ ದಾಖಲೆ ಬೇಡ. ಮಗುವಿನ ಹೆಸರೇ ಕೆಲಸದವನ ಹೆಸರಾಯಿತು.

ನಮ್ಮ ತಂದೆಯವರು ಅಂಥ ಒಬ್ಬ ಮಾಣಿ. 1957ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಊರಿನವರೊಬ್ಬರ ಬೆನ್ನು ಹಿಡಿದು ಮುಂಬಯಿಗೆ ಬಂದರು. ಅಜ್ಜ ತೀರಿಕೊಂಡಿದ್ದರು, ಮನೆಯಲ್ಲಿ ಮಳೆಗಾಲಕ್ಕೆ ಅಕ್ಕಿ ಇರಲಿಲ್ಲ. ದಾದರಿನ ಜನಜಂಗುಳಿಯಲ್ಲಿ ಆ ಊರಿನವರ ಕೈ ತಪ್ಪಿತು. ಹಿಂದಿ ಬಾರದು, ಮರಾಠಿ ಬಾರದು. ಕಂಬವೊಂದಕ್ಕೆ ಆತು ಅಳುತ್ತ ನಿಂತಿದ್ದವರ ಬಳಿ ಅಪರಿಚಿತರೊಬ್ಬರು ಬಂದು, "ನೀ ಯಾರ್ ಮನಿ ಮಾಣಿ? ಎಂತಕ್ ಮರ್ಕುದ್?" ಎಂದು ಕೇಳಿದರಂತೆ. ಮರ್ಕುವುದು ಎಂದರೆ ನಮ್ಮ ಕಡೆ ಅಳುವುದು. ಅಳುವಿನಲ್ಲೇ 'ಅಬ್ಬೇ' ಎಂದದ್ದು ಅವರ ಕಿವಿಗೆ ಬಿದ್ದು ಊರು ತಿಳಿದುಹೋಗಿತ್ತು. ಆ ಪುಣ್ಯಾತ್ಮರು ಮೊದಲು ಊಟ ಹಾಕಿಸಿದರು, ಆಮೇಲೆ ತಾವು ದುಡಿಯುತ್ತಿದ್ದ ಹೋಟೆಲಿಗೇ ಕರೆದೊಯ್ದರು.

ಆ ಹೋಟೆಲನ್ನು ಸ್ವರ್ಗವೆಂದು ಬಣ್ಣಿಸಿದರೆ ಸುಳ್ಳಾದೀತು. ನಸುಕಿನ ನಾಲ್ಕಕ್ಕೆ ಎದ್ದು ಲೋಟ ತೊಳೆಯುವುದು, ರಾತ್ರಿ ಕದ ಹಾಕಿದ ಮೇಲೆ ಮೇಜಿನ ಮೇಲೆಯೇ ಮಲಗುವುದು. ಸೋಡಾಪುಡಿಯ ನೀರಿನಲ್ಲಿ ಅವರ ಬೆರಳುಗಳ ಚರ್ಮ ಸುಲಿದುಹೋಗಿತ್ತು. ಯಜಮಾನರ ಕೈಯೂ ಬೀಳುತ್ತಿತ್ತು. ಆದರೆ ಅದೇ ಯಜಮಾನರು ಸಂಜೆ ಏಳಕ್ಕೆ ಅವರನ್ನು ಕೋಟೆ ಪ್ರದೇಶದ ಕನ್ನಡ ರಾತ್ರಿ ಶಾಲೆಗೆ ಬಿಡುತ್ತಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಮೊಗವೀರ ಬಂಧುಗಳು ಕೋಟೆಯಲ್ಲಿ ರಾತ್ರಿ ಶಾಲೆ ತೆರೆದದ್ದು, ಮುಂದೆ ಇತರ ಸಂಘಗಳೂ ಆ ದಾರಿ ಹಿಡಿದದ್ದು ಮುಂಬಯಿ ಕನ್ನಡಿಗರಿಗೆ ತಿಳಿದ ಸಂಗತಿ. ತಂದೆಯವರಿಗೆ ಕಲಿಸಿದವರಲ್ಲಿ ಹೆಚ್ಚಿನವರು ಹಗಲು ಕಚೇರಿಗಳಲ್ಲಿ ಗುಮಾಸ್ತಿಕೆ ಮಾಡಿ, ರಾತ್ರಿ ಹಸಿದ ಹೊಟ್ಟೆಯಲ್ಲೇ ಪಾಠ ಹೇಳುತ್ತಿದ್ದವರು. ತಂದೆಯವರು ಅಲ್ಲಿಂದಲೇ ಎಸ್.ಎಸ್.ಸಿ. ಪಾಸಾಗಿ ನೌಕರಿ ಹಿಡಿದರು, ಡೊಂಬಿವಲಿಯಲ್ಲಿ ಒಂದು ಖೋಲಿ ಮಾಡಿದರು, ನಮ್ಮನ್ನು ಬಿ.ಎಸ್ಸಿ.ವರೆಗೆ ಓದಿಸಿದರು.

ಇನ್ನು ನಮ್ಮ ಕಥೆ. 2006ರ ಮೇ ತಿಂಗಳು. ನೌಕರಿಗೆ ಸೇರಿ ಬಹಳ ದಿನವಾಗಿರಲಿಲ್ಲ. ರಾತ್ರಿ ಡೊಂಬಿವಲಿಯಲ್ಲಿ ಇಳಿದು ಹೊರಬರುವಾಗ ಟಿಕೇಟು ಕಿಟಕಿಯ ಹತ್ತಿರ ಒಬ್ಬ ಹುಡುಗ ಕುಳಿತಿದ್ದ. ಹತ್ತು ವರ್ಷವಿರಬಹುದು. ತನ್ನಷ್ಟಕ್ಕೆ ಏನೋ ಗುನುಗುತ್ತಿದ್ದ, ಅದು ಕನ್ನಡ. ನಾವು ಹಿರಿ ಹಿರಿ ಹಿಗ್ಗಿದೆವು. ತಂದೆಯವರ ಋಣ ತೀರಿಸುವ ಕಾಲ ಬಂತು ಎನ್ನಿಸಿತು. ಯಾವೂರು ಎಂದೆವು. ರಾಯಚೂರು ಎಂದ. ಮನೆಯಿಂದ ಓಡಿಬಂದೆಯಾ ಎಂದೆವು. ತಲೆ ತಗ್ಗಿಸಿದ. ಸರಿ, ನಮ್ಮ ಪ್ರವಚನ ಶುರುವಾಯಿತು. ಹೆತ್ತವರು ಎಷ್ಟು ಅಳುತ್ತಿರಬೇಕು, ಈ ಊರು ಎಷ್ಟು ಕೆಟ್ಟದ್ದು, ಓದಿ ಮುಂದೆ ಬರಬೇಕು, ಇತ್ಯಾದಿ. ಎರಡು ವಡಾಪಾವ್ ಕೊಡಿಸಿ, ಕಲ್ಯಾಣಕ್ಕೆ ಕರೆದೊಯ್ದು, ಟಿಕೇಟು ತೆಗೆದು, ಚೆನ್ನೈ ಕಡೆಗೆ ಹೋಗುವ ರಾತ್ರಿ ಗಾಡಿಯಲ್ಲಿ ಕೂಡಿಸಿ, ಎದುರು ಕುಳಿತಿದ್ದ ಸಂಸಾರಸ್ಥರಿಗೆ ಸ್ವಲ್ಪ ನೋಡಿಕೊಳ್ಳಿ ಎಂದು ಹೇಳಿ, ಅವನ ಕಿಸೆಯಲ್ಲಿ ಐವತ್ತು ರೂಪಾಯಿ ತುರುಕಿದೆವು. ಗಾಡಿ ಹೊರಟಾಗ ಅವನು ಅಳಲಿಲ್ಲ, ಕೈ ಬೀಸಲಿಲ್ಲ. ಕಿಟಕಿಯ ಸರಳು ಹಿಡಿದು ನಮ್ಮನ್ನೇ ನೋಡುತ್ತಿದ್ದ.

ಮನೆಗೆ ಬಂದು ದೊಡ್ಡ ಸಾಧನೆ ಮಾಡಿದವರಂತೆ ತಂದೆಯವರಿಗೆ ವರದಿ ಒಪ್ಪಿಸಿದೆವು. ಅವರು ಎಲ್ಲವನ್ನೂ ಕೇಳಿ, "ಅವ ಎಂತಕ್ಕೆ ಬಂದಿದ್ನಂಬ್ರು?" ಎಂದರು. ನಾವು ಕೇಳಿರಲಿಲ್ಲ. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದರು. ಅದನ್ನೂ ಕೇಳಿರಲಿಲ್ಲ. ಆಗ ನೆನಪಾಯಿತು, ವಡಾಪಾವ್ ತಿನ್ನುವಾಗ ಅವನ ಅಂಗಿಯ ತೋಳು ಸರಿದು ಮೊಣಕೈಯ ಮೇಲೆ ಸಾಲಾಗಿ ಮೂರು ಬರೆಗಳು ಕಂಡಿದ್ದವು. ನಾವು ಅವನ್ನು ನೋಡಿದ್ದೆವು. ಹುಡುಗ ತುಂಟನಿರಬೇಕು ಎಂದುಕೊಂಡಿದ್ದೆವು. ತಂದೆಯವರಿಗೆ ಅದನ್ನು ಹೇಳಿದಾಗ ಅವರು ಮಾತಾಡದೆ ಎದ್ದು ಗ್ಯಾಲರಿಗೆ ಹೋಗಿ ನಿಂತರು. ಆ ರಾತ್ರಿ ಬಹಳ ಹೊತ್ತು ಒಳಗೆ ಬರಲಿಲ್ಲ.

ಬಿ.ಎಸ್ಸಿ.ಯ ರಸಾಯನಶಾಸ್ತ್ರದ ಪ್ರಯೋಗ ಪುಸ್ತಕದಲ್ಲಿ ಮೂರು ಅಂಕಣ ಹಾಕಿಸುತ್ತಿದ್ದರು. ಪ್ರಯೋಗ, ಅವಲೋಕನ, ನಿರ್ಣಯ. ಅವಲೋಕನ ಬರೆಯದೆ ನಿರ್ಣಯ ಬರೆದವನಿಗೆ ಸೊನ್ನೆ. ನಾವು ಆ ರಾತ್ರಿ ಮಾಡಿದ್ದು ಅದನ್ನೇ. ಗುಮಾಸ್ತರ ಭಾಷೆಯಲ್ಲಿ ಹೇಳುವುದಾದರೆ, ತನ್ನದಲ್ಲದ ಕಾಗದ ಮೇಜಿಗೆ ಬಂದಾಗ ಒಳಗೇನಿದೆ ಎಂದು ಓದದೆ, ಬಂದಲ್ಲಿಗೇ ಹಿಂದಿರುಗಿಸಿ ಕೈ ತೊಳೆದುಕೊಳ್ಳುವ ಚಾಳಿ. ಕಾಗದವಾದರೆ ಮತ್ತೆ ಬಂದೀತು. ಆ ಹುಡುಗ ಊರು ಮುಟ್ಟಿದನೋ, ನಡುವೆ ಎಲ್ಲೋ ಇಳಿದನೋ, ಮುಟ್ಟಿದ್ದರೆ ಬರೆ ಹಾಕಿದ ಕೈಗೇ ಮತ್ತೆ ಸಿಕ್ಕನೋ, ನಮಗೆ ಇಂದಿಗೂ ಗೊತ್ತಿಲ್ಲ.

ಆಗ ದಾರಿಯೇ ಇರಲಿಲ್ಲವೆಂದು ಸಮಾಧಾನ ಮಾಡಿಕೊಳ್ಳುವಂತಿಲ್ಲ. 1098 ಎಂಬ ಮಕ್ಕಳ ಸಹಾಯವಾಣಿ 1996ರಲ್ಲಿ ನಮ್ಮ ಮುಂಬಯಿಯಲ್ಲೇ, ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಆಸರೆಯಲ್ಲಿ, ಜೆರೂ ಬಿಲಿಮೋರಿಯಾ ಅವರ ಪ್ರಯತ್ನದಿಂದ ಹುಟ್ಟಿತ್ತು. 2000ದ ಬಾಲನ್ಯಾಯ ಕಾಯಿದೆಯೂ ಇತ್ತು. ನಾವು ತಿಳಿದುಕೊಂಡಿರಲಿಲ್ಲ, ಅಷ್ಟೇ. ಈಗ ಜಾರಿಯಲ್ಲಿರುವುದು 2015ರ ಕಾಯಿದೆ. ಇದರ ಪ್ರಕಾರ ಒಂಟಿಯಾಗಿ ಸಿಕ್ಕ ಮಗುವನ್ನು ಪ್ರಯಾಣದ ವೇಳೆ ಬಿಟ್ಟು 24 ಗಂಟೆಗಳೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಆ ಸಮಿತಿಯಲ್ಲಿ ಅಧ್ಯಕ್ಷರೊಬ್ಬರು, ಸದಸ್ಯರು ನಾಲ್ವರು. ಅವರಲ್ಲಿ ಒಬ್ಬರಾದರೂ ಮಹಿಳೆ ಇರಲೇಬೇಕು. ಸಮಿತಿಯವರು ಮಗುವನ್ನು ಕೇಳಿ, ಮನೆಯ ಸ್ಥಿತಿಗತಿ ವಿಚಾರಿಸಿ, ಅಲ್ಲಿಗೆ ಕಳಿಸುವುದು ಮಗುವಿಗೆ ಹಿತವೋ ಅಲ್ಲವೋ ಎಂದು ನೋಡಿ ತೀರ್ಮಾನಿಸಬೇಕು. ಮಗು ಸಿಕ್ಕಿದ್ದನ್ನು ತಿಳಿಸದೆ ಸುಮ್ಮನಿರುವುದೂ ಅಪರಾಧವೇ. ಅಂದರೆ 2006ರಲ್ಲಿ ನಾವು ಒಬ್ಬರೇ ಅರ್ಧ ಗಂಟೆಯಲ್ಲಿ ತೀರಿಸಿದ ವಿಷಯವನ್ನು ಐದು ಜನ ಕುಳಿತು, ಕೇಳಿ, ತಿಳಿದು ತೀರಿಸಬೇಕೆಂದು ಕಾಯಿದೆ ಹೇಳುತ್ತದೆ.

ಇಂಥ ಮಕ್ಕಳು ಎಷ್ಟಿದ್ದಾರೆ ಎಂದು ಕೇಳುವವರಿಗೆ ಒಂದು ಲೆಕ್ಕ. ರೈಲ್ವೆ ಸುರಕ್ಷಾ ದಳದವರು 2018ರಿಂದ 2024ರ ಮೇ ತಿಂಗಳವರೆಗೆ ದೇಶದ ನಿಲ್ದಾಣಗಳಲ್ಲಿ ಮತ್ತು ಗಾಡಿಗಳಲ್ಲಿ ಕಾಪಾಡಿದ ಮಕ್ಕಳು 84,119. ಗಾಡಿಗಳೇ ಸರಿಯಾಗಿ ಓಡದಿದ್ದ 2020ರಲ್ಲಿ ಕೂಡ 5,011 ಮಕ್ಕಳು ಸಿಕ್ಕಿದ್ದಾರೆ. ಇದು ಕಣ್ಣಿಗೆ ಬಿದ್ದವರ ಲೆಕ್ಕ ಮಾತ್ರ. ನಮ್ಮ ಪರಿಸರದಲ್ಲೇ ಸಮತೋಲ್ ಎಂಬ ಸಂಸ್ಥೆಯವರು ಠಾಣೆ, ಕಲ್ಯಾಣದಂಥ ಸ್ಟೇಶನ್ನುಗಳಲ್ಲಿ ಸಿಗುವ ಮಕ್ಕಳಿಗಾಗಿ ವರ್ಷಗಳಿಂದ ದುಡಿಯುತ್ತಿದ್ದಾರೆ. ಕಲ್ಯಾಣ ತಾಲೂಕಿನ ಮಾಮಣೋಲಿಯಲ್ಲಿ ಅವರ ಕೇಂದ್ರವಿದೆ. ಮಕ್ಕಳನ್ನು ಹಿಡಿದೊಡನೆ ಮನೆಗೆ ಅಟ್ಟದೆ, ಕೆಲ ಕಾಲ ಜತೆಗಿಟ್ಟುಕೊಂಡು ಮನಸ್ಸು ತಿಳಿಯಾದ ಮೇಲೆ ಮುಂದಿನ ಮಾತು ಎಂಬುದು ಅವರ ಕ್ರಮ.

ನಮ್ಮ ಎರಡನೆಯ ಹುಡುಗ ಸಿಕ್ಕಿದ್ದು 2023ರ ಮಳೆಗಾಲದಲ್ಲಿ. ತಂದೆಯವರು ತೀರಿಕೊಂಡು ಎಂಟು ವರ್ಷವಾಗಿತ್ತು. ಊರಿನಿಂದ ಬರಲಿದ್ದ ನಮ್ಮಾಕೆಯ ಅಣ್ಣನನ್ನು ಎದುರುಗೊಳ್ಳಲು ಕಲ್ಯಾಣಕ್ಕೆ ಹೋಗಿದ್ದೆವು. ಗಾಡಿ ತಡವಾಗಿತ್ತು. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಸುರಕ್ಷಾ ದಳದ ಮಹಿಳಾ ಸಿಬ್ಬಂದಿಯೊಬ್ಬರು ಒಬ್ಬ ಹುಡುಗನನ್ನು ಬೆಂಚಿನ ಮೇಲೆ ಕೂಡಿಸಿಕೊಂಡು ಹಿಂದಿಯಲ್ಲಿ ಮೆಲ್ಲಗೆ ಮಾತಾಡಿಸುತ್ತಿದ್ದರು. ಅವನು ಕೇಳಿದ್ದಕ್ಕೆಲ್ಲ "ಸೋಲಾಪುರ" ಎನ್ನುತ್ತಿದ್ದ. ಹೆಸರಿಗೂ ಸೋಲಾಪುರ, ತಂದೆಯ ಹೆಸರಿಗೂ ಸೋಲಾಪುರ. ಅದೊಂದೇ ಊರಿನ ಹೆಸರು ಹಿಂದಿಯವರಿಗೆ ತಿಳಿಯುತ್ತದೆಂದು ಯಾರೋ ಅವನಿಗೆ ಹೇಳಿಕೊಟ್ಟಿರಬೇಕು. ನಾವು ಹತ್ತಿರ ಹೋಗಿ, ನಮಗೆ ಕನ್ನಡ ಬರುತ್ತದೆ, ಸಹಾಯವಾದೀತೆ ಎಂದು ಆ ಬಾಯಿಯವರನ್ನೇ ಕೇಳಿದೆವು. ಅವರು ಒಪ್ಪಿದರು.

ಆದರೆ ನಮ್ಮ ಕುಂದಾಪುರದ ಕನ್ನಡ ಅವನಿಗೆ ಅರ್ಥವಾಗಲಿಲ್ಲ, ಪುಸ್ತಕದ ಕನ್ನಡಕ್ಕೆ ಅವನು ಇನ್ನಷ್ಟು ಮುದುಡಿಕೊಂಡ. ಪುಸ್ತಕದ ಕನ್ನಡದಲ್ಲಿ ಅವನೊಡನೆ ಮಾತಾಡುವವರು ಮಾಸ್ತರರೋ ಸರಕಾರಿ ಅಧಿಕಾರಿಯೋ ಇರಬೇಕಷ್ಟೆ. ನಮ್ಮಾಕೆ ಬಯಲುಸೀಮೆಯವಳು. ನಮ್ಮ ಲಗ್ನದ ಕಾಲಕ್ಕೆ, ಘಟ್ಟದಾಚೆಯ ಹುಡುಗಿ, ಅತ್ತೆ ಸೊಸೆ ಮಾತಾಡುವುದು ಹೇಗೆ ಎಂದು ನಗೆಯಾಡಿದವರಿದ್ದರು. ಆ ಸಂಜೆ ಅವಳಿಗೇ ಫೋನು ಮಾಡಿ ಸಂಗತಿ ತಿಳಿಸಿ, ಫೋನನ್ನು ಹುಡುಗನ ಕಿವಿಗೆ ಹಿಡಿದೆವು. ಅವಳು ಊರು ಕೇಳಲಿಲ್ಲ, ಹೆಸರು ಕೇಳಲಿಲ್ಲ. "ಏನಪಾ ತಮ್ಮಾ, ಉಂಡೀಯೇನು?" ಎಂದಳು. ಹುಡುಗ ಒಂದು ಕ್ಷಣ ಫೋನನ್ನು ದಿಟ್ಟಿಸಿದ. "ಇಲ್ರೀ" ಎಂದ. ಆಮೇಲೆ ಬಿಕ್ಕಿ ಬಿಕ್ಕಿ ಅಳತೊಡಗಿದ. ಬಾಯಿಯವರು ಕೂಡಲೇ ಇಡ್ಲಿ ತರಿಸಿದರು. ಅವನು ತಿಂದು ಮುಗಿಸುವವರೆಗೆ ಯಾರೂ ಏನೂ ಕೇಳಲಿಲ್ಲ.

ಅಷ್ಟರಲ್ಲಿ ನಮ್ಮ ಭಾವನವರ ಗಾಡಿ ಬಂದು, ಅವರು ನಮ್ಮನ್ನು ಹುಡುಕಿ ಹುಡುಕಿ, ಕೊನೆಗೆ ತಾವೇ ರಿಕ್ಷಾ ಮಾಡಿಕೊಂಡು ಮನೆಗೆ ಹೋದದ್ದು ಬೇರೆ ಕಥೆ.

ನಮ್ಮ ಮನಸ್ಸು, ಇವನನ್ನು ಈ ರಾತ್ರಿಯಾದರೂ ಮನೆಗೆ ಕರೆದೊಯ್ಯೋಣ ಎಂದಿತು. ಹಾಗೆ ಮಾಡುವಂತಿಲ್ಲ ಎಂದು ಬಾಯಿಯವರು ತಿಳಿಸಿ ಹೇಳಿದರು. ಒಳ್ಳೆಯವರಂತೆ ತೋರುವವರ ಕೈಗೆಲ್ಲ ಮಗುವನ್ನು ಕೊಡುತ್ತ ಹೋದರೆ, ಒಳ್ಳೆಯವರಂತೆ ನಟಿಸುವವರ ಕೈಗೂ ಕೊಟ್ಟಂತೆಯೇ. ಮಾತು ಕಟುವೆನಿಸಿದರೂ ನಿಜ. ತಂದೆಯವರ ಕೈ ಹಿಡಿದ ಆ ಅಪರಿಚಿತರು ಸಜ್ಜನರಾಗಿದ್ದದ್ದು ಅವರ ಅದೃಷ್ಟ. ಮಕ್ಕಳನ್ನು ಅದೃಷ್ಟದ ಮೇಲೆ ಬಿಡಬಾರದೆಂದೇ ಕಾಯಿದೆ ಬಂದದ್ದು.

ಮರುದಿನ ಸಮಿತಿಯ ಮುಂದೆ ಕನ್ನಡ ಬಲ್ಲವರು ಬೇಕಾದರು. ನಾವು ಒಂದು ಕ್ಯಾಶುಯಲ್ ರಜೆ ಹಾಕಿದೆವು, ನಮ್ಮಾಕೆಯನ್ನೂ ಕರೆದೊಯ್ದೆವು. ಮಾತನ್ನೆಲ್ಲ ಅವಳೇ ಆಡಿದಳು, ನಾವು ಅದನ್ನು ಮರಾಠಿಗೆ ಇಳಿಸಿದೆವು. ಹುಡುಗ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಮಗುವಿನ ಗುರುತು ಸಿಗುವಂಥದ್ದನ್ನು ಪ್ರಕಟಿಸಬಾರದೆಂದು ಕಾಯಿದೆಯ 74ನೆಯ ಕಲಮು ಹೇಳುತ್ತದೆ. ಕಾಯಿದೆ ಇರದಿದ್ದರೂ ಅದು ನಮಗೆ ಸೇರಿದ ಕಥೆಯಲ್ಲ. ಇಷ್ಟು ಹೇಳಬಹುದು: ಅವನನ್ನು ಅದೇ ರಾತ್ರಿ ಟಿಕೇಟು ತೆಗೆದು ಊರಿಗೆ ಕಳಿಸಿದ್ದರೆ ಮಹಾಪಾಪವಾಗುತ್ತಿತ್ತು. "ಮನಿಗಿ ಹೋಗ್ತಿ ಏನಪಾ?" ಎಂದು ಕೇಳಿದಾಗ, "ಆ ಮನಿಗಿ ಹೋಗಲ್ರಿ, ಚಿಗವ್ವನ ಮನಿಗಿ ಆದರ ಹೋಗ್ತೀನ್ರಿ" ಎಂದ. ಸಮಿತಿಯವರು 'ಆ' ಎಂಬ ಅಕ್ಷರದ ಅರ್ಥ ಏನೆಂದು ನಮ್ಮಾಕೆಯನ್ನು ಎರಡು ಸಲ ಕೇಳಿ ಬರೆದುಕೊಂಡರು. ಅವನು ಕೆಲವು ವಾರ ಇಲ್ಲಿಯ ಬಾಲಗೃಹದಲ್ಲಿದ್ದ. ಅನುಮತಿ ಪಡೆದು ಎರಡು ಸಲ ಹೋಗಿ ನೋಡಿಬಂದೆವು. ಆಮೇಲೆ ಅವನ ಜಿಲ್ಲೆಯ ಸಮಿತಿಗೆ ಒಪ್ಪಿಸಿದರು. ಚಿಗವ್ವನ ವಿಚಾರಣೆ ಅಲ್ಲಿ ನಡೆಯಬೇಕಿತ್ತು. ಹೊರಡುವ ಮುಂಚೆ ನಮ್ಮಾಕೆಯನ್ನು, "ನೀವೂ ಬರ್ತೀರೇನ್ರಿ?" ಎಂದು ಕೇಳಿದ. ಅವಳು ಏನೂ ಹೇಳಲಾರದೆ ಅವನ ಅಂಗಿಯ ಗುಂಡಿ ಸರಿಪಡಿಸಿದಳು. ಈ ಸಲ ಅವನು ಒಬ್ಬನೇ ಹೋಗಲಿಲ್ಲ, ಜತೆಗೆ ಹೊಣೆಯುಳ್ಳವರಿದ್ದರು, ಎಲ್ಲಿಗೆ, ಯಾಕೆ ಹೋಗುತ್ತಿದ್ದಾನೆಂದು ಅವನಿಗೂ ತಿಳಿದಿತ್ತು.

ನಮ್ಮ ಗೆಳೆಯರೊಬ್ಬರು, ಸ್ವತಃ ಹೋಟೆಲಿನಲ್ಲಿ ಬೆಳೆದು ಮೇಲೆ ಬಂದವರು, ಇದನ್ನು ಕೇಳಿ ಹೀಗೆಂದರು: "ಇದೆಲ್ಲ ಯಾಕೆ ಮಾರಾಯ್ರೆ? ನಮ್ಮ ಕಾಲದಲ್ಲಿ ಹೋಟೆಲಿಗೆ ಸೇರಿಸಿದರೆ ಆಯಿತು, ಊಟವೂ ಸಿಕ್ಕಿತು, ಜೀವನವೂ ಆಯಿತು. ಕಾಯಿದೆ ಬಂದು ಆ ಬಾಗಿಲು ಮುಚ್ಚಿತು." 14 ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಢಾಬಾ ಮತ್ತು ಮನೆಗೆಲಸಕ್ಕೆ ಇಟ್ಟುಕೊಳ್ಳಬಾರದೆಂಬ ಆಜ್ಞೆ ಜಾರಿಗೆ ಬಂದದ್ದು 2006ರ ಅಕ್ಟೋಬರ 10ರಂದು. 2016ರ ತಿದ್ದುಪಡಿ ಅದನ್ನು ಇನ್ನೂ ಬಿಗಿ ಮಾಡಿತು. ನಾವು ಗೆಳೆಯರಿಗೆ ತಂದೆಯವರ ಬೆರಳುಗಳ ಕಥೆ ಹೇಳಿದೆವು. ಬಾಗಿಲು ಮುಚ್ಚಿದ್ದು ಸರಿಯೇ. ಆ ಹೋಟೆಲುಗಳಲ್ಲಿ ಮಕ್ಕಳನ್ನು ಉಳಿಸಿದ್ದು ಲೋಟ ತೊಳೆಯುವ ಕೆಲಸವಲ್ಲ. ಒಂದು ತುತ್ತು ಅನ್ನ, ತನ್ನ ಮಾತು ತಿಳಿಯುವ ಒಬ್ಬ ಮನುಷ್ಯ, ಸಂಜೆಯ ಶಾಲೆ. ಕೆಲಸವನ್ನು ಕಾಯಿದೆ ನಿಲ್ಲಿಸಿತು, ಅದು ಒಳ್ಳೆಯದೇ ಆಯಿತು. ಉಳಿದ ಮೂರನ್ನು ನಿಲ್ಲಿಸಿರೆಂದು ಯಾವ ಕಾಯಿದೆಯೂ ಹೇಳಿಲ್ಲ. ರಾತ್ರಿ ಶಾಲೆಗಳಲ್ಲಿ ಹಲವು ಮುಚ್ಚಿಹೋದವು, ಅದರ ಜತೆಗೆ ನಮ್ಮ ಗಮನವೂ ಮುಚ್ಚಿಹೋಯಿತೇನೋ.

ಆಶ್ರಯ ಕೊಡುವುದು ನಮ್ಮ ಈ ನೆಲಕ್ಕೆ ಹೊಸತಲ್ಲ. ದಿನವೂ ಹಾದುಹೋಗುವ ಉಲ್ಲಾಸನಗರ, 1947ರ ದೇಶ ವಿಭಜನೆಯ ನಂತರ ಸಿಂಧಿನಿಂದ ಬಂದ ನಿರಾಶ್ರಿತರು ಸೈನ್ಯದ ಬಿಡಾರಗಳಲ್ಲಿ ತಂಗಿದ್ದ ಕಲ್ಯಾಣ ಕ್ಯಾಂಪು. ಈಗಿನ ಹೆಸರು ಬಂದದ್ದು 1949ರಲ್ಲಿ. ಅದಕ್ಕೂ ಮುಂಚೆ, ಮಹಾಯುದ್ಧದ ಕಾಲದಲ್ಲಿ, ರಶಿಯಾದ ಮೂಲಕ ದಿಕ್ಕೆಟ್ಟು ಬಂದ ಪೋಲೆಂಡಿನ ಮಕ್ಕಳನ್ನು ನವಾನಗರದ ಜಾಮಸಾಹೇಬ ದಿಗ್ವಿಜಯಸಿಂಹಜಿಯವರು 1942ರಲ್ಲಿ ಬಾಲಾಚಡಿಯಲ್ಲಿ ಇರಿಸಿಕೊಂಡರು. 1943ರಿಂದ ನಮ್ಮ ಬೆಳಗಾವಿಗೆ ದೂರವಲ್ಲದ ಕೊಲ್ಲಾಪುರದ ಬಳಿಯ ವಳಿವಡೆಯಲ್ಲಿ ಪೋಲೆಂಡಿನ ಸಾವಿರಾರು ಹೆಂಗಸರು ಮಕ್ಕಳು ನೆಲೆಸಿದ್ದರು. ಅಲ್ಲೆಲ್ಲ ಆ ಮಕ್ಕಳಿಗೆ ಅವರದೇ ಭಾಷೆಯ ಶಾಲೆ ಇತ್ತೆಂಬುದು ನೆನಪಿಡಬೇಕಾದ ಸಂಗತಿ. 1989ರಲ್ಲಿ ವಿಶ್ವಸಂಸ್ಥೆ ಒಪ್ಪಿದ, 1992ರಲ್ಲಿ ಭಾರತವೂ ಸೇರಿದ ಮಕ್ಕಳ ಹಕ್ಕುಗಳ ಒಡಂಬಡಿಕೆ, ಆಶ್ರಯ ಅರಸಿ ಒಂಟಿಯಾಗಿ ಬಂದ ಮಗುವಿಗೂ ಇತರ ಮಕ್ಕಳಷ್ಟೇ ರಕ್ಷಣೆ ಸಲ್ಲಬೇಕೆನ್ನುತ್ತದೆ. ಗಡಿ ದಾಟಿ ಬಂದ ಮಗುವಾಗಲಿ, ಘಟ್ಟ ದಾಟಿ ಬಂದ ಮಗುವಾಗಲಿ, ಪ್ಲಾಟ್‌ಫಾರ್ಮಿನ ಮೇಲೆ ಅದರ ಹಸಿವು ಒಂದೇ, ಮೂಕತನವೂ ಒಂದೇ.

ಹೀಗಾಗಿ ಸಂಘದ ಬಂಧುಗಳಲ್ಲಿ ಒಂದು ಸಣ್ಣ ವಿನಂತಿ. ಠಾಣೆ, ಡೊಂಬಿವಲಿ, ಕಲ್ಯಾಣ, ವಾಶಿ, ನೆರೂಳ, ಪನವೇಲಿನಿಂದ ಒಂದೆರಡು ಮನೆಯವರು ತಮ್ಮ ಹೆಸರು ಮತ್ತು ಫೋನು ನಂಬರು ಕೊಡಲಿ. ಕುಂದಾಪುರದ ಕನ್ನಡ, ಕಲಬುರಗಿಯ ಕನ್ನಡ, ಬೆಳಗಾವಿಯ ಕನ್ನಡ, ಬಂದರೆ ತುಳು, ಲಂಬಾಣಿ, ಯಾವ ಮಾತು ಬಲ್ಲರೆಂದು ಮುಂದೆ ಬರೆದಿರಲಿ. ಆ ಪಟ್ಟಿಯನ್ನು ಮಕ್ಕಳ ಕಲ್ಯಾಣ ಸಮಿತಿಗೂ ನಮ್ಮ ಸ್ಟೇಶನ್ನುಗಳ ಸುರಕ್ಷಾ ದಳದವರಿಗೂ ಒಪ್ಪಿಸಿದರೆ, ಒಂದು ಮಗು ತನ್ನ ಹೆಸರನ್ನು ಸೋಲಾಪುರವೆಂದು ಹೇಳಬೇಕಾದ ಪ್ರಮೇಯ ತಪ್ಪೀತು. ವರ್ಷಕ್ಕೆ ಒಂದು ಸಲ ಕರೆ ಬಂದೀತು, ಬಾರದೆಯೂ ಇದ್ದೀತು. ಬಂದಾಗ ಒಂದು ರಜೆ ಹೋದೀತು, ಅಷ್ಟೇ. ಹಾಗೆಯೇ ಗಾಡಿಯಲ್ಲೋ ಪ್ಲಾಟ್‌ಫಾರ್ಮಿನಲ್ಲೋ ಒಂಟಿ ಮಗು ಕಂಡರೆ 1098ಕ್ಕೆ ಅಥವಾ ರೈಲ್ವೆಯ 139ಕ್ಕೆ ತಿಳಿಸಿ, ಯಾರಾದರೂ ಬರುವವರೆಗೆ ಹತ್ತಿರದಲ್ಲೇ ನಿಂತಿರಿ. ಪ್ರವಚನ ಬೇಡ, ಟಿಕೇಟು ತೆಗೆಯುವುದು ಬೇಡ. ಉಂಡೆಯಾ ಎಂದು ಮೊದಲು ಕೇಳಿ.

2006ರ ಆ ಹುಡುಗ ಬದುಕಿದ್ದರೆ ಈಗ ಮೂವತ್ತರ ಹತ್ತಿರದ ತರುಣ. ಕಲ್ಯಾಣದಲ್ಲಿ ಆ ಕಡೆಯ ಗಾಡಿ ಬಂದು ನಿಂತಾಗ ಇಳಿಯುವ ತರುಣರ ಮುಖಗಳನ್ನೂ ತೋಳುಗಳನ್ನೂ ನೋಡುವ ಅಭ್ಯಾಸ ನಮಗಾಗಿದೆ. ಸಿಕ್ಕರೆ ಏನು ಹೇಳಬೇಕೆಂದು ತಿಳಿಯದು. ತಂದೆಯವರನ್ನು ಆ ಅಪರಿಚಿತರು ಕೇಳಿದ ಪ್ರಶ್ನೆಯನ್ನು ನಾವು ಅವನಿಗೆ ಕೇಳಲಿಲ್ಲ. ಮುಂದಿನವನಿಗೆ ತಪ್ಪದೆ ಕೇಳುತ್ತೇವೆ.